ಫಿಟ್ಸ್‌ಗೆ ಎರಡನೇ ಮಾತ್ರೆ ಸೇರಿಸುವಾಗ ನಾನು ನೋಡಿಕೊಳ್ಳುವುದು

ಒಂದೇ ಮಾತ್ರೆಯಲ್ಲಿ ಫಿಟ್ಸ್ ಹತೋಟಿಗೆ ಬಂದರೆ ರೋಗಿಗೂ ನೆಮ್ಮದಿ, ನನಗೂ ನೆಮ್ಮದಿ. ಬಾರದಿದ್ದಾಗ ಎರಡನೆಯದನ್ನು ಸೇರಿಸಲೇಬೇಕು. ಆಗ ಹಳೆಯ ಮಾತ್ರೆ ಯಾವುದು ಅಂತ ನೋಡದೆ ಹೊಸದರ ಡೋಸ್ ಬರೆಯುವುದೇ ಇಲ್ಲ.

ಉದಾಹರಣೆಗೆ ಲ್ಯಾಮೊಟ್ರಿಜಿನ್ ಎಂಬ ಫಿಟ್ಸ್ ಮಾತ್ರೆಯನ್ನೇ ನೋಡಿ. ಇದನ್ನು ಕರಗಿಸಿ ಹೊರಹಾಕುವ ಕೆಲಸ ಲಿವರ್‌ದು. ಇನ್ನೊಂದು ಫಿಟ್ಸ್ ಮಾತ್ರೆ ವಾಲ್ಪ್ರೊಯೇಟ್ ಆ ಕೆಲಸಕ್ಕೆ ಅಡ್ಡ ಬರುತ್ತದೆ. ಲ್ಯಾಮೊಟ್ರಿಜಿನ್ ಒಂದನ್ನೇ ಕೊಟ್ಟರೆ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಹೆಚ್ಚುಕಡಿಮೆ ಒಂದು ದಿನ ಸಾಕು. ವಾಲ್ಪ್ರೊಯೇಟ್ ಜೊತೆಗಿದ್ದರೆ ಎರಡು ದಿನಕ್ಕೂ ಜಾಸ್ತಿ ಬೇಕು. ಹಾಗಾಗಿ ಅಂಥ ದೊಡ್ಡವರಿಗೆ ಮೊದಲ 2 ವಾರ 25 ಮಿ.ಗ್ರಾಂ. ದಿನ ಬಿಟ್ಟು ದಿನ, ಮುಂದಿನ 2 ವಾರ ದಿನಕ್ಕೆ 25, ಆಮೇಲೆ ನಿಧಾನವಾಗಿ ಏರಿಕೆ. ವಾಲ್ಪ್ರೊಯೇಟ್ ಇಲ್ಲದೆ ಕಾರ್ಬಮಜೆಪಿನ್ ಅಥವಾ ಫೆನಿಟಾಯಿನ್ ನುಂಗುತ್ತಿರುವವರಲ್ಲಿ ಕಥೆ ಉಲ್ಟಾ. ಅವು ಲಿವರ್ ಕೆಲಸವನ್ನು ಚುರುಕು ಮಾಡುತ್ತವೆ. ಅಲ್ಲಿ ದಿನಕ್ಕೆ 50ರಿಂದಲೇ ಶುರು. ಅದೇ ಮಾತ್ರೆ, ಆರಂಭದಲ್ಲೇ ನಾಲ್ಕು ಪಟ್ಟು ವ್ಯತ್ಯಾಸ!

ದಿನ ಬಿಟ್ಟು ದಿನ ಅಂದರೆ ಮನೆಯಲ್ಲಿ ಗೊಂದಲ ಆಗಿಯೇ ಆಗುತ್ತದೆ. ಅದಕ್ಕೆ ಗೋಡೆ ಕ್ಯಾಲೆಂಡರನ್ನೇ ತರಿಸಿ, ಮಾತ್ರೆ ಇರುವ ತಾರೀಖುಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಕೊಡುತ್ತೇನೆ. ಒಬ್ಬ ತಾಯಿ ಕೇಳಿದ್ದರು, "ಡಾಕ್ಟ್ರೇ, ಇಷ್ಟು ಚಿಕ್ಕ ಮಾತ್ರೆ, ಅದೂ ದಿನ ಬಿಟ್ಟು ದಿನ. ನಾಟುತ್ತಾ?"

"ಈಗಲೇ ನಾಟೋದು ಬೇಡಮ್ಮ. ಮೊದಲು ಮೈಗೆ ಒಗ್ಗಲಿ."

ಆತುರಪಟ್ಟು ಏರಿಸಿದರೆ ಚರ್ಮ ಸುಲಿದು ಬರುವ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್‌ನ ಅಪಾಯ ಜಾಸ್ತಿ. ಬಂದರೆ ಹೆಚ್ಚಾಗಿ ಮೊದಲ 8 ವಾರದಲ್ಲೇ. ಮೈಮೇಲೆ ದದ್ದು, ಬಾಯಿಹುಣ್ಣು, ಕಣ್ಣು ಕೆಂಪು, ಜ್ವರ ಕಂಡರೆ ಹೊಸ ಮಾತ್ರೆ ನುಂಗದೆ ಅವತ್ತೇ ಬನ್ನಿ, ಹಳೆಯದನ್ನು ಮಾತ್ರ ಬಿಡಬೇಡಿ ಅಂತ ಅದೇ ಕ್ಯಾಲೆಂಡರ್ ಅಂಚಿನಲ್ಲಿ ಬರೆಯುತ್ತೇನೆ.

ಫೆನಿಟಾಯಿನ್ ಜೊತೆ ವಾಲ್ಪ್ರೊಯೇಟ್ ಇದ್ದರೆ ಲ್ಯಾಬ್ ರಿಪೋರ್ಟನ್ನು ನಾನು ಪೂರ್ತಿ ನಂಬುವುದಿಲ್ಲ. ಫೆನಿಟಾಯಿನ್‌ನ ಹೆಚ್ಚಿನ ಪಾಲು ರಕ್ತದ ಆಲ್ಬುಮಿನ್ ಎಂಬ ಪ್ರೋಟೀನ್‌ಗೆ ಅಂಟಿಕೊಂಡಿರುತ್ತದೆ. ವಾಲ್ಪ್ರೊಯೇಟ್ ಅದನ್ನು ಅಲ್ಲಿಂದ ಎಬ್ಬಿಸುತ್ತದೆ. ಮಿದುಳಿಗೆ ತಾಗುವುದು ಹೀಗೆ ಬಿಡಿಯಾದ ಪಾಲು. ನಮ್ಮೂರ ಲ್ಯಾಬ್ ಅಳೆಯುವುದು ಒಟ್ಟು ಮೊತ್ತ. ಅದು ಸರಿಯಾದ ಮಟ್ಟವಾದ 10ರಿಂದ 20ರ (ಮಿಲಿಲೀಟರಿಗೆ ಮೈಕ್ರೋಗ್ರಾಂ) ಒಳಗೇ ಇದ್ದರೂ ರೋಗಿ ತೂರಾಡುತ್ತಿರಬಹುದು. ನೆಲದ ಟೈಲ್ಸ್ ಗೆರೆ ಮೇಲೆ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಸುತ್ತೇನೆ. ಪೆನ್ನಿನ ತುದಿ ನೋಡಿಸಿ ಅತ್ತಿತ್ತ ಸರಿಸುತ್ತೇನೆ. ಕಣ್ಣುಗುಡ್ಡೆ ಪಟಪಟ ಅದುರಿದರೆ, ಕಾಗದದಲ್ಲಿ ಏನೇ ಇರಲಿ, ಫೆನಿಟಾಯಿನ್ ಡೋಸ್ ಇಳಿಸುವ ಯೋಚನೆ ಶುರು.

ಈ ರಗಳೆಯೇ ಬೇಡ ಅನಿಸಿದಾಗ ಲೆವೆಟಿರಾಸೆಟಮ್ ಇದೆ. ಅದು ಬಹುಪಾಲು ಮೂತ್ರದಲ್ಲೇ ಹೋಗುತ್ತದೆ, ಬೇರೆ ಮಾತ್ರೆಗಳ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಆದರೆ ಕೆಲವರಿಗೆ ಸಿಡುಕು ಬರುತ್ತದೆ. ಮನೆಯವರನ್ನು ಕೇಳಿದರೆ ಗೊತ್ತಾಗುತ್ತದೆ.

ಮಾತ್ರೆ ತೆಗೆಯುವಾಗಲೂ ಲೆಕ್ಕ ಬದಲಾಗುತ್ತದೆ. ವಾಲ್ಪ್ರೊಯೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಅದಕ್ಕೇ ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಸಾಧ್ಯವಾದಷ್ಟೂ ಅದನ್ನು ಬಿಡಿಸಲು ನೋಡುತ್ತೇನೆ. ಅದು ಪೂರ್ತಿ ನಿಂತಾಗ ಲ್ಯಾಮೊಟ್ರಿಜಿನ್ ಮಟ್ಟ ಅರ್ಧದಷ್ಟು ಕುಸಿಯುತ್ತದೆ, ಆದ್ದರಿಂದ ಒಂದನ್ನು ಇಳಿಸುತ್ತಾ ಇನ್ನೊಂದನ್ನು ಏರಿಸಬೇಕು. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆಯೂ ಲ್ಯಾಮೊಟ್ರಿಜಿನ್ ಮಟ್ಟವನ್ನು ಇಳಿಸುತ್ತದೆ. ಕಾರ್ಬಮಜೆಪಿನ್, ಫೆನಿಟಾಯಿನ್ ಇದ್ದರೆ ಗರ್ಭನಿರೋಧಕವೇ ಕೆಲಸ ಮಾಡದೆ ಹೋಗಬಹುದು. ಗರ್ಭನಿರೋಧಕ ಮಾತ್ರೆ ನುಂಗುತ್ತೀರಾ ಅನ್ನುವ ಪ್ರಶ್ನೆಯನ್ನು ಮಾತ್ರ ಅತ್ತೆಯನ್ನು ಹೊರಗೆ ಕೂರಿಸಿಯೇ ಕೇಳುತ್ತೇನೆ. ಎದುರಿಗಿದ್ದರೆ ಎಲ್ಲರೂ "ಇಲ್ಲ" ಅಂತಲೇ ತಲೆಯಾಡಿಸುತ್ತಾರೆ.