ಲೆನನ್ ಜೀವನಚರಿತ್ರೆ ಕೊಳ್ಳುವ ಮುನ್ನ ಓದುಗರ ಅಭಿಪ್ರಾಯಗಳನ್ನು ತೂಗುವ ಬಗೆ

ಬೀಟಲ್ಸ್ ಎಂಬ ಇಂಗ್ಲಿಷ್ ಸಂಗೀತ ತಂಡದ ಹಾಡುಗಾರ ಜಾನ್ ಲೆನನ್ ಕುರಿತ ಜೀವನಚರಿತ್ರೆಗಳಲ್ಲಿ ಯಾವುದನ್ನು ಕೊಳ್ಳಬೇಕೆಂದು ತಿಳಿಯಲು ಓದುಗರ ಅಭಿಪ್ರಾಯಗಳನ್ನು ನೋಡಹೊರಟರೆ ಗೊಂದಲ ಹೆಚ್ಚುವುದೇ ಸಾಮಾನ್ಯ. ಒಬ್ಬರು ಕಣ್ಣಿಗೊತ್ತಿಕೊಂಡ ಪುಸ್ತಕವನ್ನೇ ಇನ್ನೊಬ್ಬರು ರದ್ದಿಗೆ ಹಾಕಿರುತ್ತಾರೆ. ಬಹುಮಂದಿ ಪುಸ್ತಕದ ಹೆಸರಿನಲ್ಲಿ ತೂಗುತ್ತಿರುವುದು ಲೆನನ್ ಅವರನ್ನೇ ಎಂಬುದು ಇದಕ್ಕೆ ಕಾರಣ. ಆದ್ದರಿಂದ ಅಭಿಪ್ರಾಯ ಬರೆದವರ ಸಿಟ್ಟೋ ಮೆಚ್ಚುಗೆಯೋ ಯಾರ ಮೇಲಿನದು ಎಂಬುದನ್ನು ಮೊದಲು ಗುರುತಿಸಿಕೊಳ್ಳಬೇಕು.

1988ರಲ್ಲಿ ಹೊರಬಂದ ಆಲ್ಬರ್ಟ್ ಗೋಲ್ಡ್‌ಮನ್ ಅವರ ಪುಸ್ತಕದಲ್ಲಿ ಇದು ಎದ್ದು ಕಾಣುತ್ತದೆ. ನ್ಯೂಯಾರ್ಕ್‌ನ ಡಕೋಟಾ ಕಟ್ಟಡದ ಮನೆಯಲ್ಲಿ ಮಾದಕ ವಸ್ತುಗಳಿಗೆ ದಾಸರಾಗಿ, ಊಟ ಬಿಟ್ಟು ಸೊರಗಿ, ಕೋಣೆಯೊಳಗೇ ಕಾಲ ಕಳೆಯುವ ಲೆನನ್ ಅವರ ಚಿತ್ರವನ್ನು ಅದು ಬಿಡಿಸಿತು. ಪುಸ್ತಕವನ್ನು ಬಹಿಷ್ಕರಿಸಬೇಕೆಂದು ಬೀಟಲ್ಸ್‌ನ ಜೊತೆಗಾರ ಪಾಲ್ ಮೆಕಾರ್ಟ್ನಿ ಕರೆ ಕೊಟ್ಟರು. ‘ರೋಲಿಂಗ್ ಸ್ಟೋನ್’ ಸಂಗೀತ ಪತ್ರಿಕೆ ಅದರ ದೋಷಗಳನ್ನು ಎತ್ತಿ ತೋರಿಸುವ ಲೇಖನವನ್ನೇ ಪ್ರಕಟಿಸಿತು. ಮಹಾನ್ ಕಲಾವಿದನಿಗೆ ಮಸಿ ಬಳಿಯಲಾಗಿದೆ ಎಂದಷ್ಟೇ ಹೇಳಿ ಮುಗಿಸುವ ಓದುಗರಿಂದ ನಮಗೆ ತಿಳಿಯುವುದು ಅವರ ಅಭಿಮಾನ ಮಾತ್ರ. ಯಾವ ಮಾತಿಗೆ ಯಾರು ಸಾಕ್ಷಿ, ಆ ಸಾಕ್ಷಿಗೆ ಲೆನನ್ ದಂಪತಿಯೊಡನೆ ಹಳೆಯ ಮನಸ್ತಾಪವಿತ್ತೇ ಎಂದು ಕೇಳುವ ಓದುಗರು ಅಪರೂಪ. ಅಂಥವರು ಸಿಕ್ಕರೆ ಅವರ ನಾಲ್ಕು ಸಾಲನ್ನು ಬರೆದಿಟ್ಟುಕೊಳ್ಳಿ.

ಫಿಲಿಪ್ ನಾರ್ಮನ್ ಅವರ 2008ರ ಪುಸ್ತಕದ ತೊಡಕು ಬೇರೆ. ಅದಕ್ಕೆ ಸಂದರ್ಶನ ಕೊಟ್ಟು ಸಹಕರಿಸಿದ್ದ ಲೆನನ್ ಅವರ ಪತ್ನಿ ಯೋಕೋ ಓನೊ, ಗಂಡನ ಬಗ್ಗೆ ಅದು ನಿಷ್ಠುರವಾಗಿದೆ ಎಂದು ಬೇಸರಗೊಂಡು ಕೊನೆಗೆ ಅದನ್ನು ಅನುಮೋದಿಸಲು ಒಪ್ಪಲಿಲ್ಲ. ಪತ್ನಿಯೇ ಒಪ್ಪದ ಪುಸ್ತಕವೆಂದು ಕೆಲವರು ಇದನ್ನು ದೂರುತ್ತಾರೆ, ಹಂಗಿಲ್ಲದೆ ಬರೆದದ್ದೆಂದು ಇನ್ನು ಕೆಲವರು ಕೊಂಡಾಡುತ್ತಾರೆ. ಮನೆಯವರ ಒಪ್ಪಿಗೆ ಇದ್ದರೂ ಇಲ್ಲದಿದ್ದರೂ ಒಂದು ಪುಟದ ಸತ್ಯಾಸತ್ಯ ಅದರಿಂದ ತೀರ್ಮಾನವಾಗದಾದ್ದರಿಂದ, ಎರಡೂ ಬಗೆಯ ಅಭಿಪ್ರಾಯಗಳನ್ನು ಬದಿಗಿಡಬಹುದು.

ಇವೆಲ್ಲಕ್ಕಿಂತ ನಂಬಬಹುದಾದ ಉಪಾಯವೆಂದರೆ, ಒಂದೇ ಘಟನೆಯನ್ನು ಹಿಡಿದು ಎಲ್ಲ ಪುಸ್ತಕಗಳನ್ನೂ ಅವುಗಳ ಓದುಗರನ್ನೂ ಪರೀಕ್ಷಿಸುವುದು. ನಾನು ಆರಿಸಿಕೊಳ್ಳುವುದು ಇಂಗ್ಲೆಂಡಿನ ಕಡಲತೀರದ ಊರಾದ ಬ್ಲ್ಯಾಕ್‌ಪೂಲ್‌ನಲ್ಲಿ 1946ರಲ್ಲಿ ನಡೆದ ಪ್ರಸಂಗ. ಹಡಗಿನ ಕೆಲಸದಲ್ಲಿದ್ದ ತಂದೆ ಐದು ವರ್ಷದ ಮಗನನ್ನು ಅಲ್ಲಿಗೆ ಕರೆದೊಯ್ದಿದ್ದರು; ನ್ಯೂಜಿಲೆಂಡ್‌ಗೆ ಹೋಗಿ ನೆಲೆಸುವ ಯೋಚನೆ ಅವರದು. ತಾಯಿ ಜೂಲಿಯಾ ಹುಡುಕಿಕೊಂಡು ಬಂದಾಗ, ಅಪ್ಪ ಬೇಕೋ ಅಮ್ಮ ಬೇಕೋ ಎಂದು ಮಗುವನ್ನೇ ಕೇಳಲಾಯಿತೆಂದೂ, ಮೊದಲು ಅಪ್ಪನೆಂದ ಮಗು ತಾಯಿ ಹೊರಟಾಗ ಅಳುತ್ತ ಆಕೆಯ ಹಿಂದೆ ಓಡಿತೆಂದೂ ದಶಕಗಳ ಕಾಲ ಬರೆಯಲಾಗಿದೆ. ಇದು ತಂದೆಯ ಬಾಯಿಂದ ಬಂದ ಕಥೆ. ಬೀಟಲ್ಸ್ ಕುರಿತು ಮಾರ್ಕ್ ಲೂಯಿಸನ್ ಬರೆದ, 2013ರಲ್ಲಿ ಪ್ರಕಟವಾದ ಸಂಪುಟವಾದರೋ ಆಗ ತಂದೆ ಮಗ ತಂಗಿದ್ದ ಮನೆಯಲ್ಲಿದ್ದವರೊಬ್ಬರ ನೆನಪನ್ನು ಆಧರಿಸಿ, ಅಂಥ ಎಳೆದಾಟ ನಡೆಯಲಿಲ್ಲವೆಂದು ಹೇಳುತ್ತದೆ. ಮನಕಲಕುವ ದೃಶ್ಯ ಕೈತಪ್ಪಿತೆಂದು ಹಳಹಳಿಸುವ ಓದುಗರಿಗೆ ಬೇಕಿರುವುದು ಕಾದಂಬರಿ. ಎರಡು ನಿರೂಪಣೆಗಳ ಮೂಲವನ್ನು ಹೋಲಿಸಿ ನೋಡುವ ಓದುಗರ ಉಳಿದ ಮಾತುಗಳನ್ನೂ ಧೈರ್ಯವಾಗಿ ನೆಚ್ಚಬಹುದು. ಪುಸ್ತಕದಂಗಡಿಯಲ್ಲಿ ನಿಂತು, ಸೂಚಿಯಲ್ಲಿ ಬ್ಲ್ಯಾಕ್‌ಪೂಲ್ ಹುಡುಕಿ, ಆ ಪುಟವನ್ನು ನೀವೇ ಓದಿಬಿಡುವುದಂತೂ ಇನ್ನೂ ಮೇಲು.

ಲೆನನ್ ಅವರೇ ಹೀಗೆ ಹೇಳಿದ್ದಾರೆ ಎಂದು ಲೇಖಕರ ಬಾಯಿ ಮುಚ್ಚಿಸುವ ಅಭಿಪ್ರಾಯಗಳೂ ಹೇರಳ. ಯಾವ ವರ್ಷ ಹೇಳಿದ್ದು ಎಂದು ನೋಡಿಕೊಳ್ಳಿ. ತಂಡ ಒಡೆದ ಬಿಸಿಯಲ್ಲಿ, 1970ರ ಡಿಸೆಂಬರಿನಲ್ಲಿ ಆಡಿದ ಮಾತಿಗೂ ಕೊನೆಯ ವರ್ಷವಾದ 1980ರಲ್ಲಿ ಆಡಿದ ಮಾತಿಗೂ ಅಜಗಜಾಂತರವಿದೆ.

ಗಾತ್ರದ ಕುರಿತ ದೂರುಗಳನ್ನು ಮಾತ್ರ ಕಡೆಗಣಿಸಬೇಡಿ. ಲೂಯಿಸನ್ ಸಂಪುಟ 900 ಪುಟ ದಾಟಿದರೂ ಅರ್ಧದಲ್ಲೇ ನಿಂತಿತೆಂದು ಗೊಣಗುವವರ ಮಾತು ನಿಜ: ಅದು 1962ರ ಕೊನೆಗೆ ಮುಗಿಯುತ್ತದೆ. ಯೋಕೋ, ನ್ಯೂಯಾರ್ಕ್, 1968ರಲ್ಲಿ ಬೀಟಲ್ಸ್ ಬಂದು ತಂಗಿದ್ದ ಹೃಷಿಕೇಶ ಬೇಕಾದವರು ನಾರ್ಮನ್ ಅವರ ಪುಸ್ತಕವನ್ನೇ ಕೊಳ್ಳಬೇಕು.