ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಆಗದ ಹಳೆ ಮಾರುತಿ: ಕಾರ್ಬೊರೇಟರ್‌ಗೆ ಕೈ ಹಾಕುವ ಮುಂಚೆ

ಆರಿದ್ರಾ ಮಳೆ ಹಿಡಿದು ನಾಲ್ಕು ದಿನವಾದರೆ ಸಾಕು, ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯ ಹಳೆ ಮಾರುತಿ 800 ಮತ್ತು ಓಮ್ನಿಗಳಿಗೆ ಜಡ್ಡು ಶುರು. ಸಂಜೆ ಪೇಟೆಯಿಂದ ಸಲೀಸಾಗಿ ಬಂದ ಗಾಡಿ ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಹತ್ತುವುದಿಲ್ಲ. ಎಲ್ಲರ ಅನುಮಾನವೂ ಮೊದಲು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಮೇಲೆ. ಆದರೆ ಬಿಸಿಲಿಗೆ ಸರಿಯಿದ್ದು ಮಳೆಗೆ ಮಾತ್ರ ಕೈಕೊಡುವ ಗಾಡಿಯಲ್ಲಿ ತಪ್ಪು ಸಾಮಾನ್ಯವಾಗಿ ಕರೆಂಟಿನದ್ದು. ಹಾಗಾಗಿ ಮೊದಲು ಕರೆಂಟ್ ನೋಡಿ, ಪೆಟ್ರೋಲ್ ಆಮೇಲೆ.

ಕೀ ತಿರುಗಿಸಿ ಕಿವಿಗೊಡಿ. ಬರೀ ಟಕ್ ಟಕ್ ಎಂದರೆ ಅಥವಾ ಇಂಜಿನ್ ಏದುಸಿರು ಬಿಡುತ್ತ ತಿರುಗಿದರೆ ಬ್ಯಾಟರಿ ಕಡೆ ಹೋಗಿ. ರಾತ್ರಿಯಿಡೀ ನಿಂತ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ ಸುಮಾರು 9.6ಕ್ಕಿಂತ ಕೆಳಗೆ ಬೀಳಬಾರದು. ಟರ್ಮಿನಲ್ ಮೇಲೆ ಬಿಳಿ-ಹಸಿರು ಹಿಟ್ಟು ಕಟ್ಟಿದ್ದರೆ ಕ್ಲ್ಯಾಂಪ್ ಬಿಚ್ಚಿ, ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಬ್ರಷ್‌ನಲ್ಲಿ ಉಜ್ಜಿ. ಆ ನೀರು ಬ್ಯಾಟರಿ ಮುಚ್ಚಳದೊಳಗೆ ಇಳಿಯದಿರಲಿ. ಒಣಗಿದ ಮೇಲೆ ಬಿಗಿ ಮಾಡಿ ವ್ಯಾಸಲೀನ್ ಸವರಿ.

ಬ್ಯಾಟರಿ ಹೊಸದಿದ್ದರೂ ಸೆಲ್ಫ್ ನಿಧಾನವಾದರೆ ಬ್ಯಾಟರಿಯ ನೆಗೆಟಿವ್ಅನ್ನು ಗಾಡಿಯ ಮೈಗೆ ಜೋಡಿಸುವ ಅರ್ತ್ ಪಟ್ಟಿ ನೋಡಿ. ನಮ್ಮ ಕಡೆಯ ತೇವಕ್ಕೆ ಅದರ ಬೋಲ್ಟಿನ ಬುಡದಲ್ಲಿ ತುಕ್ಕು ಕೂರುತ್ತದೆ. ವೋಲ್ಟ್ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಬರಿ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ಮೀರಿದರೆ ಬೋಲ್ಟ್ ಬಿಚ್ಚಿ ಸ್ಯಾಂಡ್‌ಪೇಪರ್ ಹಾಕಿ. ಇಷ್ಟು ನೋಡದೆ ಸೆಲ್ಫ್ ಮೋಟಾರ್ ಬದಲಿಸಿದರೆ ದುಡ್ಡು ದಂಡ.

ಸೆಲ್ಫ್ ಜೋರಾಗಿ ತಿರುಗಿಯೂ ಇಂಜಿನ್ ಹತ್ತದಿದ್ದರೆ ಕತ್ತಲಾಗಲಿ, ಅಥವಾ ಕೊಟ್ಟಿಗೆಯ ಕತ್ತಲಿಗೆ ಗಾಡಿ ತಳ್ಳಿ. ಬಾನೆಟ್ ಎತ್ತಿ ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಏನನ್ನೂ ಮುಟ್ಟದೆ ನೋಡಲಿ. ಒದ್ದೆಯಾದ ಸ್ಪಾರ್ಕ್ ಪ್ಲಗ್ ವೈರ್ ಮೇಲೋ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡೆಲ್ಕೊ (ಡಿಸ್ಟ್ರಿಬ್ಯೂಟರ್) ಮುಚ್ಚಳದ ಮೇಲೋ ನೀಲಿ ಕಿಡಿಗಳು ಹುಳುವಿನಂತೆ ಹರಿದಾಡಿದರೆ ಕಳ್ಳ ಸಿಕ್ಕ. ಪ್ಲಗ್‌ಗೆ ಹೋಗಬೇಕಾದ ಕರೆಂಟ್ ದಾರಿಯಲ್ಲೇ ಇಂಜಿನ್ ಮೈಗೆ ಇಳಿಯುತ್ತಿದೆ. ಸಾವಿರಾರು ವೋಲ್ಟ್ ಇರುತ್ತದೆ, ಬೆರಳು ದೂರ.

ಕೀ ತೆಗೆದು ಡೆಲ್ಕೊ ಮುಚ್ಚಳ ಬಿಚ್ಚಿ. ವೈರ್‌ಗಳನ್ನು ಒಟ್ಟಿಗೆ ಕೀಳಬೇಡಿ, ಕೀಳಲೇಬೇಕಾದರೆ ಗುರುತು ಹಾಕಿಕೊಳ್ಳಿ. ಈ ಮೂರು ಸಿಲಿಂಡರಿನ 796 ಸಿಸಿ ಇಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಸರದಿ, 1-3-2. ಒಳಗೆ ಮಂಜಿನಂತೆ ನೀರು ಕೂತಿದ್ದರೆ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ ಬಚ್ಚಲ ಒಲೆಯ ಕಟ್ಟೆ ಮೇಲೆ ಹತ್ತು ನಿಮಿಷ ಇಡಿ. ಕಟ್ಟೆ ಮೇಲೆ, ಉರಿಯ ಮೇಲಲ್ಲ. ಆಮೇಲೆ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಎರಡು ಮೊಳೆಗಳ ನಡುವೆ ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆ ಕಂಡರೆ ಅದು ಕಾರ್ಬನ್ ದಾರಿ. ಕರೆಂಟ್ ಒಮ್ಮೆ ಆ ದಾರಿ ಕಲಿತರೆ ಒರೆಸಿದರೆ ಹೋಗುವುದಿಲ್ಲ. ಬ್ಲೇಡಿನಲ್ಲಿ ಕೆರೆದರೆ ಪೇಟೆ ಮುಟ್ಟುವವರೆಗೆ ನಡೆದೀತು, ಅಷ್ಟೇ. ಮುಚ್ಚಳ, ಅದರೊಳಗೆ ತಿರುಗುವ ರೋಟರ್ ಎರಡನ್ನೂ ಜೊತೆಗೇ ಬದಲಿಸಿ. ಮುಚ್ಚಳದ ನಡುವಿನ ಕಾರ್ಬನ್ ಗುಂಡಿಯನ್ನು ಒತ್ತಿ ಬಿಟ್ಟರೆ ಪುಟಿದು ಬರಬೇಕು.

ಪ್ಲಗ್ ವೈರ್‌ಗಳಲ್ಲಿ ಬಿರುಕು ಹುಡುಕುವಾಗ ಇಲಿ ಹಲ್ಲಿನ ಗುರುತನ್ನೂ ಹುಡುಕಿ. ಅಡಿಕೆ ರಾಶಿ ಪಕ್ಕ ನಿಲ್ಲುವ ಗಾಡಿಯ ಬೆಚ್ಚಗಿನ ಇಂಜಿನ್ ಇಲಿಗಳಿಗೆ ಮಳೆಗಾಲದ ಛತ್ರ.

ಈಗ ಪ್ಲಗ್. ಹತ್ತು ಸೆಕೆಂಡ್ ಸೆಲ್ಫ್ ಹೊಡೆದ ತಕ್ಷಣ ಒಂದನ್ನು ಬಿಚ್ಚಿ ತುದಿ ನೋಡಿ. ಒದ್ದೆಯಾಗಿ ಪೆಟ್ರೋಲ್ ನಾತ ಬಂದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ ಅಥವಾ ಚೋಕ್ (ಗಾಳಿ ತಡೆದು ಪೆಟ್ರೋಲ್ ಹೆಚ್ಚಿಸುವ ಗುಂಡಿ) ಅತಿಯಾಗಿದೆ. ಒಣಗಿದ್ದರೆ ಪೆಟ್ರೋಲೇ ಬಂದಿಲ್ಲ. ಮುಂದಿನ ಕೆಲಸವನ್ನೆಲ್ಲ ನಿರ್ಧರಿಸುವುದು ಈ ಒಂದು ನೋಟ. ತುದಿ ಒರೆಸಿ ಗ್ಯಾಪ್ 0.7ರಿಂದ 0.8 ಮಿ.ಮೀ. ಇಡಿ. ಪ್ಲಗ್ ಕೂರುವ ಇಂಜಿನ್ ತಲೆ ಅಲ್ಯುಮಿನಿಯಂದು, ಆದ್ದರಿಂದ ತಣ್ಣಗಿದ್ದಾಗ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಕೊನೆಗಷ್ಟೇ ಪಾನ ಹಾಕಿ.

ಪ್ಲಗ್ ತೊಯ್ದಿದ್ದರೆ ಚೋಕ್ ಪೂರ್ತಿ ಒಳಗೆ ತಳ್ಳಿ, ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದು ಐದಾರು ಸೆಕೆಂಡ್ ಸೆಲ್ಫ್ ಹೊಡೆಯಿರಿ. ತುಳಿದು ತುಳಿದು ಬಿಟ್ಟರೆ ಪ್ರತಿ ತುಳಿತಕ್ಕೂ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಎರಡು ಪ್ರಯತ್ನಗಳ ನಡುವೆ ಅರ್ಧ ನಿಮಿಷ ಸೆಲ್ಫ್ ಮೋಟಾರಿಗೆ ಉಸಿರಾಡಲು ಬಿಡಿ.

ಪ್ಲಗ್ ಒಣಗಿದ್ದರೆ ಏರ್ ಕ್ಲೀನರ್ ಮುಚ್ಚಳ ತೆಗೆದು, ಇಂಜಿನ್ ನಿಂತಿರುವಾಗ, ಬೀಡಿ-ಬೆಂಕಿ ಹತ್ತಿರವಿಲ್ಲದೆ, ಥ್ರಾಟಲ್ ಕೈಯಲ್ಲಿ ಎಳೆಯಿರಿ. ಕಾರ್ಬೊರೇಟರ್ ಗಂಟಲಲ್ಲಿ ಸೂಜಿಯಂತೆ ಪೆಟ್ರೋಲ್ ಚಿಮ್ಮಬೇಕು. ಚಿಮ್ಮದಿದ್ದರೆ ಫಿಲ್ಟರ್, ಮೆಕ್ಯಾನಿಕಲ್ ಪಂಪ್, ಟ್ಯಾಂಕಿನಿಂದ ಬರುವ ರಬ್ಬರ್ ಪೈಪ್ ನೋಡಿ. ಪೈಪಿನಲ್ಲಿ ಕೂದಲೆಳೆ ಬಿರುಕಿದ್ದರೂ ಪಂಪ್ ಪೆಟ್ರೋಲ್ ಬದಲು ಗಾಳಿ ಎಳೆಯುತ್ತದೆ. ಚೋಕ್ ಎಳೆದಾಗ ಮೇಲಿನ ಬಿಲ್ಲೆ ಪೂರ್ತಿ ಮುಚ್ಚುತ್ತದೆಯೇ ನೋಡಿ, ಕೇಬಲ್ ಸ್ಕ್ರೂ ಜಾರಿದ್ದರೆ ಗುಂಡಿ ಎಳೆದದ್ದಷ್ಟೇ ಬಂತು. ಚೋಕ್‌ನಲ್ಲಿ ಹತ್ತಿ, ಐಡಲ್‌ಗೆ ಬಂದೊಡನೆ ಆರಿದರೆ ಕಾರ್ಬೊರೇಟರಿನ ಸೊಲೆನಾಯ್ಡ್ (ಐಡಲ್‌ಗೆ ಪೆಟ್ರೋಲ್ ಬಿಡುವ ಕರೆಂಟ್ ವಾಲ್ವ್) ಕಡೆ ನೋಡಿ, ಕೀ ಹಾಕಿದಾಗ ಅದು ಟಕ್ ಎನ್ನಬೇಕು.

ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಪೆಟ್ರೋಲನ್ನೇ ಪರೀಕ್ಷಿಸಿ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ತೇವ ಹೀರುತ್ತದೆ. ನೀರು ಹೆಚ್ಚಾದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕಿಳಿಯುತ್ತವೆ, ಪೈಪ್ ಎಳೆಯುವುದೂ ತಳದಿಂದಲೇ. ತಳದಿಂದ ಕಾಲು ಲೀಟರ್ ಗಾಜಿನ ಬಾಟಲಿಗೆ ಇಳಿಸಿ ಹತ್ತು ನಿಮಿಷ ಬಿಡಿ. ನಡುವೆ ಗೆರೆ ಕಂಡರೆ ಟ್ಯಾಂಕ್ ಖಾಲಿ ಮಾಡದೆ ವಿಧಿಯಿಲ್ಲ.

ಕಾರ್ಬೊರೇಟರ್ ಬದಲು ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್ಐ ಗಾಡಿಗೆ ಚೋಕ್ ಇಲ್ಲ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಪಂಪ್ ಒಂದೆರಡು ಸೆಕೆಂಡ್ ಗುಂಯ್‌ಗುಡಬೇಕು. ಗುಂಯ್‌ಗುಟ್ಟಿಯೂ ತಣ್ಣಗಿದ್ದಾಗ ಮಾತ್ರ ಹತ್ತದಿದ್ದರೆ ಇಂಜಿನ್ ನೀರಿನ ಬಿಸಿ ಅಳೆಯುವ ಕೂಲೆಂಟ್ ಸೆನ್ಸರಿನ ವೈರ್ ಕನೆಕ್ಟರ್ ಕಿತ್ತು ಸೆನ್ಸರಿನ ಓಮ್ ಅಳೆಯಿರಿ. 20 ಡಿಗ್ರಿಗೆ ಸುಮಾರು ಎರಡೂವರೆ ಕಿಲೋ ಓಮ್ ಬರಬೇಕು. ಕೆಲವೇ ನೂರು ಓಮ್ ತೋರಿಸಿದರೆ ಇಂಜಿನ್ ಬಿಸಿಯಾಗಿದೆ ಎಂದು ಕಂಪ್ಯೂಟರ್ ನಂಬಿಕೊಂಡು ಪೆಟ್ರೋಲ್ ಕಡಿಮೆ ಬಿಡುತ್ತಿದೆ ಎಂದರ್ಥ.