ಕ್ಯೂಓಎಸ್ ಆನ್ ಇತ್ತು, ಕೆಲಸ ಮಾಡ್ತಿರಲಿಲ್ಲ

ಬಳ್ಳಾರಿಯ ನಮ್ಮ ಮನೆಯಲ್ಲಿ ಕೆಳಗಡೆ ತಮ್ಮನ ಫೋಟೋ ಸ್ಟುಡಿಯೋ, ಮೇಲೆ ನನ್ನ ವರ್ಕ್ ಫ್ರಂ ಹೋಮ್. ನೆಟ್ ಮಾತ್ರ ಒಂದೇ. ಮದುವೆ ಸೀಸನ್ ಬಂತಂದ್ರೆ ಅವನು ಬೆಳಗ್ಗೆಯಿಂದ ವಿಡಿಯೋ ಅಪ್‌ಲೋಡ್‌ಗೆ ಹಾಕುತ್ತಾನೆ, ನಾನು ಮೀಟಿಂಗ್‌ನಲ್ಲಿ ರೋಬೋ ತರ ಮಾತಾಡುತ್ತೇನೆ. ರೂಟರ್‌ನಲ್ಲಿ ಕ್ಯೂಓಎಸ್ ಅಂತ ಒಂದು ಸ್ವಿಚ್ ಇತ್ತು, ಲೈನ್ ತುಂಬಿದಾಗ ಯಾರ ಡೇಟಾ ಮೊದಲು ಹೋಗಬೇಕು ಅಂತ ಹೇಳೋಕೆ. ಆನ್ ಮಾಡಿ ನನ್ನ ಲ್ಯಾಪ್‌ಟಾಪ್‌ಗೆ ಹೈ ಪ್ರಯಾರಿಟಿ ಕೊಟ್ಟೆ. ಎರಡು ದಿನ ಕಾಲ್ ಚೆನ್ನಾಗಿ ನಡೆಯಿತು. ಆಮೇಲೆ ನೆನಪಾಯಿತು, ಆ ಎರಡೂ ದಿನ ತಮ್ಮ ಶೂಟಿಂಗ್ ಅಂತ ಹೊಸಪೇಟೆಯಲ್ಲಿದ್ದ.

ಲೈನ್ ಖಾಲಿ ಇದ್ದಾಗ ಎಲ್ಲಾ ಸರಿಯಾಗೇ ಕಾಣುತ್ತೆ. ಅದಕ್ಕೇ ಒಂದು ಭಾನುವಾರ ಬೇಕಂತಲೇ ಲೈನ್ ತುಂಬಿಸಿ ನೋಡಲು ಕೂತೆ. ವೈಫೈ ಬಿಟ್ಟು ಕೇಬಲ್ ಹಾಕಿಕೊಂಡೆ. ಇಲ್ಲಾಂದ್ರೆ ತಪ್ಪು ವೈಫೈದೋ ರೂಟರ್‌ದೋ ತಿಳಿಯಲ್ಲ. 8.8.8.8 ಅನ್ನೋ ಗೂಗಲ್ ಸರ್ವರ್‌ಗೆ ನಿಲ್ಲದ ಹಾಗೆ ಪಿಂಗ್ ಬಿಟ್ಟೆ, ಅಂದರೆ ಒಂದು ಚಿಕ್ಕ ಸಂದೇಶ ಹೋಗಿ ಬರಲು ಎಷ್ಟು ಹೊತ್ತು ಅಂತ ಅಳೆಯೋದು. ಪ್ರಯಾರಿಟಿ ಇಡೀ ಲ್ಯಾಪ್‌ಟಾಪ್‌ಗೆ ಇದ್ದದ್ದರಿಂದ ಕಾಲ್‌ಗಿರುವ ಮರ್ಯಾದೆಯೇ ಈ ಪಿಂಗ್‌ಗೂ ಸಿಗಬೇಕು. ಖಾಲಿ ಲೈನ್‌ನಲ್ಲಿ 20 ಮಿಲಿಸೆಕೆಂಡ್ ಆಸುಪಾಸು. ತಮ್ಮನನ್ನು ಕೂಗಿ 8 ಜಿಬಿ ಫೈಲ್ ಅಪ್‌ಲೋಡ್‌ಗೆ ಹಾಕಿಸಿದೆ. ನೋಡ್ತಾ ನೋಡ್ತಾ 90, 240, 460. ಕ್ಯೂಓಎಸ್ ಆಫ್ ಮಾಡಿದೆ. ಆಗಲೂ 460!

ಮೊದಲ ಕಳ್ಳ ಸಿಕ್ಕಿದ್ದು ಹಾರ್ಡ್‌ವೇರ್ ಆಕ್ಸಿಲರೇಶನ್ ಅನ್ನೋ ಇನ್ನೊಂದು ಸ್ವಿಚ್‌ನಲ್ಲಿ. ಅದು ಆನ್ ಇದ್ದರೆ ಪ್ಯಾಕೆಟ್‌ಗಳು, ಅಂದರೆ ಡೇಟಾದ ಚೂರುಗಳು, ರೂಟರ್ ಚಿಪ್‌ನ ಒಳದಾರಿಯಲ್ಲಿ ನೇರ ಓಡುತ್ತವೆ. ಎಷ್ಟೋ ರೂಟರ್‌ಗಳಲ್ಲಿ ಕ್ಯೂಓಎಸ್‌ಗೆ ಅವು ಕಣ್ಣಿಗೇ ಬೀಳಲ್ಲ. ಆಫ್ ಮಾಡಿದೆ. ಪಿಂಗ್ 380ಕ್ಕೆ ಇಳಿಯಿತು, ಅಷ್ಟೇ.

ಎರಡನೆಯದು ನನ್ನದೇ ತಪ್ಪು. ಕ್ಯೂಓಎಸ್ ಸೆಟ್ಟಿಂಗ್‌ನಲ್ಲಿ ಬ್ಯಾಂಡ್‌ವಿಡ್ತ್, ಅಂದರೆ ಲೈನ್‌ನ ಸ್ಪೀಡ್, ಕೇಳುವ ಬಾಕ್ಸ್‌ನಲ್ಲಿ ಪ್ಲಾನ್‌ನಲ್ಲಿದ್ದ ಹಾಗೆ 40 ಎಂಬಿಪಿಎಸ್ ಅಂತ ತುಂಬಿದ್ದೆ. ಅಳೆದು ನೋಡಿದರೆ ಅಪ್‌ಲೋಡ್ ಸಿಗುತ್ತಿದ್ದದ್ದು 18. ನಮ್ಮ ಕಡೆ ರೈಲ್ವೆ ಗೇಟ್ ಹಾಕಿದಾಗ ಅದಿರು ಲಾರಿಗಳ ಸಾಲು ನಿಲ್ಲುತ್ತಲ್ಲ, ಆಂಬುಲೆನ್ಸ್‌ಗೆ ದಾರಿ ಬಿಡಿಸೋ ಪೊಲೀಸ್ ಆ ಸಾಲಲ್ಲೇ ಇರಬೇಕು. ಎರಡು ಕಿಲೋಮೀಟರ್ ಹಿಂದೆ ಖಾಲಿ ರಸ್ತೇಲಿ ನಿಂತು ಸೀಟಿ ಊದಿದರೆ ಏನು ಬಂತು? ನಾನು 40 ಅಂದಿದ್ದಕ್ಕೆ ರೂಟರ್ ಎಲ್ಲವನ್ನೂ ಮುಂದಕ್ಕೆ ತಳ್ಳುತ್ತಿತ್ತು, ಸಾಲು ನಿಲ್ಲುತ್ತಿದ್ದದ್ದು ರೂಟರ್‌ನ ಮುಂದಿರುವ, ಫೈಬರ್ ಕೇಬಲ್ ಬಂದು ಸೇರುವ ಡಬ್ಬಿಯಲ್ಲಿ. ಸಿಗುವ ಸ್ಪೀಡ್‌ಗಿಂತ ಸ್ವಲ್ಪ ಕಮ್ಮಿ ತುಂಬಿದರೆ ಸಾಲು ರೂಟರ್‌ನಲ್ಲೇ ನಿಲ್ಲುತ್ತೆ. 16 ಹಾಕಿದೆ. ಪಿಂಗ್ 28, 31, 27. ಆ ಅಂಕಿಗಳನ್ನೇ ಐದು ನಿಮಿಷ ಸುಮ್ನೆ ನೋಡ್ತಾ ಕೂತಿದ್ದೆ.

ಆದರೆ ಪಿಂಗ್ ಮಾತಾಡಲ್ಲ ಅಲ್ವಾ? ಕೊಪ್ಪಳದಲ್ಲಿರುವ ಅಕ್ಕನಿಗೆ ಝೂಮ್ ಕಾಲ್ ಮಾಡಿ ಒಂದರಿಂದ ನೂರು ಎಣಿಸಿದೆ, ಮೊದಲು ಕ್ಯೂಓಎಸ್ ಆಫ್ ಮಾಡಿ, ಆಮೇಲೆ ಆನ್ ಮಾಡಿ. ಕೆಳಗಡೆ ಅಪ್‌ಲೋಡ್ ನಡೀತಾನೇ ಇತ್ತು. ಮೊದಲ ಸಲ ಅಕ್ಕ, "ಇಪ್ಪತ್ಮೂರು ಆದ ಮ್ಯಾಲೆ ಒಮ್ಮೆಲೇ ಮೂವತ್ತೊಂದಕ್ಕೆ ಹಾರಿದೆಲ್ಲೋ" ಅಂದಳು. ಎರಡನೇ ಸಲ ಒಂದೂ ತಪ್ಪಲಿಲ್ಲ. ಝೂಮ್ ಸೆಟ್ಟಿಂಗ್ಸ್‌ನ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಆಡಿಯೋ ಪ್ಯಾಕೆಟ್ ಲಾಸ್ (ದಾರಿಯಲ್ಲಿ ಕಳೆದುಹೋದ ಚೂರುಗಳು), ಜಿಟರ್ (ಚೂರುಗಳು ಬರುವ ಹೊತ್ತಿನ ಏರುಪೇರು) ಎರಡೂ ಕಾಣುತ್ತವೆ. ಲಾಸ್ ಸೊನ್ನೆಗೆ ಬಂದಿತ್ತು. ಎಣಿಸುವಾಗ ಅಲ್ಲೂ ಒಂದು ಕಣ್ಣಿಡಿ, ಆದರೆ ನನಗೆ ಅಕ್ಕನ ಕಿವಿಯ ಮೇಲೇ ನಂಬಿಕೆ ಜಾಸ್ತಿ.

ಕೆಲವರು ಪ್ಯಾಕೆಟ್‌ಗಳನ್ನು ಬಿಚ್ಚಿ ತೋರಿಸುವ ವೈರ್‌ಶಾರ್ಕ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ದನಿಯ ಪ್ಯಾಕೆಟ್‌ಗೆ ಡಿಎಸ್‌ಸಿಪಿ 46 ಅನ್ನೋ, "ಇದನ್ನು ಮೊದಲು ಬಿಡಿ" ಅಂತ ಹೇಳುವ ಗುರುತು ಬಿದ್ದಿದೆಯಾ ಅಂತ ನೋಡಿ ಖುಷಿಪಡುತ್ತಾರೆ. ಗುರುತು ಬಿದ್ದರೆ ಸಾಲದು, ರೂಟರ್ ಅದನ್ನು ಲೆಕ್ಕಕ್ಕೆ ತಗೋಬೇಕು. ಮನೆಯಿಂದ ಆಚೆ ಹೋದ ಮೇಲೆ ಅದು ಉಳಿಯುತ್ತೆ ಅನ್ನೋ ಖಾತ್ರಿಯೂ ಇಲ್ಲ.

ಮರುದಿನ ರಾತ್ರಿ ಎಂಟಕ್ಕೆ ಮತ್ತೆ ಅಳೆದೆ. ಊರೆಲ್ಲ ನೆಟ್‌ನಲ್ಲಿರುವ ಹೊತ್ತು, ಅಪ್‌ಲೋಡ್ 16ಕ್ಕೆ ಇಳಿದಿತ್ತು. ಪಿಂಗ್ ಮತ್ತೆ ನೂರು ದಾಟುತ್ತಿತ್ತು. ಬಾಕ್ಸ್‌ನಲ್ಲಿ 14 ಮಾಡಿದೆ. ತಮ್ಮನ 8 ಜಿಬಿ ಫೈಲ್‌ಗೆ ಮೊದಲು ಒಂದು ಗಂಟೆ ಸಾಕಿತ್ತು, ಈಗ ಕಾಲು ಗಂಟೆ ಹೆಚ್ಚೇ ಬೇಕು. "ಅಣ್ಣಾ, ನೆಟ್ ಸ್ಲೋ ಆಗೈತಿ, ಕಂಪ್ಲೇಂಟ್ ಕೊಡೋಣೇನು?" ಅಂತ ಕೇಳಿದ. ನಾನಿನ್ನೂ ಅವನಿಗೆ ಹೇಳಿಲ್ಲ.